ಕೈಯಿಂದ ಎಳೆದ ದೀರ್ಘ

6 ಜುಲೈ 2025, ಭಾನುವಾರ

‘ನನ್ನೊಳಗೆ ನೀ ಬೆರೆ...’ — ಹೀಗೇ ಇತ್ತೇ? ‘ನೀ ಬೇರೆ’ ಅಲ್ಲವೇ?

ಹತ್ತನೇ ತರಗತಿಯ ಗೈಡ್‌ನ ಪ್ರೂಫ್ ಮುಂದಿದೆ. ಮಣ್ಣಿನ ವಿಧಗಳು ಅನ್ನುವ ಪಾಠ. ಕೆಂಪು ಪೆನ್ನು ಕೈಯಲ್ಲೇ ಇದೆ, ಕಪ್ಪು ಮಣ್ಣು ದಾಟಿ ಮುಂದೆ ಹೋಗಲು ಆಗುತ್ತಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಸಾಲು ಬಂದು ಅಡ್ಡ ಕೂತಿದೆ. ಜಗದಾಂಬಾ ಬರೆದದ್ದು. ಬೆರೆ ಅಂದರೆ ಬಂದು ಒಂದಾಗು. ಬೇರೆ ಅಂದರೆ ಒಂದಾಗಲಾರೆ. ನಡುವೆ ಇರುವುದು ಒಂದು ಸಣ್ಣ ಗೆರೆ. ಒಂದು ಮಾತ್ರೆ.

ಸುಮ್ಮನೆ ನೆನಪಾಗಿದ್ದಲ್ಲ. ಎಂ.ಎ. ವಾಟ್ಸಾಪ್ ಗ್ರೂಪಿನಲ್ಲಿ ಸುಧೀಂದ್ರನ ಆಮಂತ್ರಣ ಬಂದಿದೆ. ಪುಸ್ತಕ ಬಿಡುಗಡೆ, ಬರುವ ಭಾನುವಾರ, ರಾಜಾಜಿನಗರ. ಪುಸ್ತಕದ ಹೆಸರು ‘ನೀ ಬೆರೆ’. ಕೆಳಗೆ ಸಣ್ಣಕ್ಷರದಲ್ಲಿ — ‘ಹಿಂಬದಿ ಮತ್ತು ಕನ್ನಡದ ಝೀನ್‌ಗಳು’.

‘ಹಿಂಬದಿ’ ನಮ್ಮದು. ನಾನೂ ಜಗದಾಂಬಾನೂ ಜ್ಞಾನಭಾರತಿಯ ಹಾಸ್ಟೆಲ್ ಕೋಣೆಯಲ್ಲಿ ಕೂತು ತಂದ ಪತ್ರಿಕೆ. ಎಂಟು ಸಂಚಿಕೆ. ಒಂದು ಬದಿ ಬಳಸಿ ಬಿಸಾಡಿದ ಹಾಳೆಗಳ ಹಿಂಬದಿಗೆ ಕ್ಸೆರಾಕ್ಸ್ ಮಾಡಿಸುತ್ತಿದ್ದೆವು, ಅದಕ್ಕೇ ಆ ಹೆಸರು. ಸುಧೀಂದ್ರ ಕ್ಲಾಸ್‌ಮೇಟ್. ಅವನ ಹತ್ತಿರ ಲೂನಾ ಮೊಪೆಡ್ ಇತ್ತು. ಮಾಸ್ಟರ್ ಪ್ರತಿ ಅಂಗಡಿಗೆ ಒಯ್ಯುವುದು, ಕಟ್ಟು ವಾಪಸ್ ತರುವುದು — ಅಷ್ಟೇ ಅವನ ಪಾತ್ರ. ಒಂದು ಸಾಲು ಬರೆದವನಲ್ಲ.

ಗಿರಿರಾಜ್ ದೋಸೆ ತಿನ್ನುತ್ತಲೇ ಮೊಬೈಲ್ ನೋಡಿದರು.

“ಒಳ್ಳೇದಲ್ವಾ? ನಿನ್ ಹೆಸರೂ ಬಂದಿರುತ್ತೆ.”

“ಆ ಸಾಲು ಹಾಗಿರ್ಲಿಲ್ಲ ರೀ.”

“ಮತ್ತೆ ಹೇಗಿತ್ತು?”

ಗಂಡನ ಎದುರು ತಡವರಿಸಿದ್ದಕ್ಕೆ ಸುಧೀಂದ್ರನ ಮೇಲೆ ಸಿಟ್ಟು ಬಂತು.

7 ಜುಲೈ

ಝೀನ್ — ತಾವೇ ಬರೆದು, ತಾವೇ ಪ್ರತಿ ಮಾಡಿ, ತಾವೇ ಹಂಚುವ ಪುಟ್ಟ ಪತ್ರಿಕೆ — ಅನ್ನುವ ಪದ ಆಗ ನಮಗೆ ಗೊತ್ತಿರಲಿಲ್ಲ. ಕಿರುಪತ್ರಿಕೆ ಅನ್ನಲೂ ಸಂಕೋಚ — ಕಿರುಪತ್ರಿಕೆಗಾದರೂ ಒಂದು ಸಂಪಾದಕ ಮಂಡಳಿ, ಒಂದು ವಿಳಾಸ ಇರುತ್ತದೆ. ನಮಗೆ ಯಾರೂ ಬರೆಯಿರಿ ಅಂದಿರಲಿಲ್ಲ. ಹಾಕುತ್ತೇವೆ ಅಂದವರೂ ಇಲ್ಲ. ಹಾಗಾಗಿ ನಾವೇ ಹಾಕಿಕೊಂಡೆವು.

ವಿಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೂಲೆಯಲ್ಲಿ ಒಂದು ಕನ್ನಡ ಯಂತ್ರ. ಅದರಲ್ಲಿ ದೀರ್ಘದ ಕೀಲಿ ಮುರಿದಿತ್ತು. ಗುಡಿಸಿನ ದೀರ್ಘ, ಏತ್ವ, ಓತ್ವ — ಮೂರಕ್ಕೂ ಅದೇ ಕೀಲಿ. ಬೇರೆ ಯಾರೂ ಆ ಯಂತ್ರ ಮುಟ್ಟುತ್ತಿರಲಿಲ್ಲವಾದ್ದರಿಂದ ನಮಗೆ ಕೊಟ್ಟರು. ಮೊದಲ ಸಂಚಿಕೆಗೆ ಮಾಸ್ಟರ್‌ನಲ್ಲಿ ದೀರ್ಘ ಬರೆಯುವುದೇ ಮರೆತುಹೋಯಿತು. ಕಟ್ಟು ಬಂದ ಮೇಲೆ ನೋಡಿದರೆ ‘ನೀರು’ ಎಲ್ಲ ‘ನಿರು’, ‘ಲೋಟ’ ಎಲ್ಲ ‘ಲೊಟ’. ಮೆಸ್ಸಿನ ಉದ್ದ ಮೇಜಿನ ಮೇಲೆ ಹರಡಿಕೊಂಡು ಒಂದೊಂದು ಪ್ರತಿಗೂ ನೀಲಿ ಪೆನ್ನಿನಿಂದ ದೀರ್ಘ ಎಳೆದೆವು. ಕೈ ಬಿದ್ದುಹೋಯಿತು.

ಓದಿದವರು ಕವಿತೆಗಳ ಬಗ್ಗೆ ಏನೂ ಹೇಳಲಿಲ್ಲ. ‘ಆ ನೀಲಿ ಗೆರೆ ಚೆನ್ನಾಗಿದೆ, ನನಗೇ ಅಂತ ಬರೆದುಕೊಟ್ಟ ಹಾಗಿದೆ’ ಅಂದರು. ಕೆಲವರು ಪ್ರತಿ ಪಕ್ಕಕ್ಕೆ ಪ್ರತಿ ಇಟ್ಟು ನಮ್ಮ ಗೆರೆಗಳನ್ನು ಹೋಲಿಸುತ್ತಿದ್ದರು — ಜಗದಾಂಬಾಳದ್ದು ಬಾಗಿದ್ದು, ನನ್ನದು ಕಡ್ಡಿ. ಆಮೇಲೆ ಉಳಿದ ಏಳೂ ಸಂಚಿಕೆಗೆ ಬೇಕೆಂದೇ ಹಾಗೆ ಮಾಡಿದೆವು. ಪತ್ರಿಕೆ ಯಂತ್ರದಿಂದ ಅರ್ಧ ಬರುತ್ತಿತ್ತು, ಉಳಿದರ್ಧ ಕೈಯಿಂದ.

ಇಷ್ಟೆಲ್ಲ ನೆನಪಿದೆ. ಆ ಒಂದು ಅಕ್ಷರದ ಮೇಲೆ ಗೆರೆ ಎಳೆದೆವೋ ಇಲ್ಲವೋ ನೆನಪಿಲ್ಲ.

13 ಜುಲೈ, ಭಾನುವಾರ

ಹೋದೆ. ಗಿರಿರಾಜ್ ಸ್ಕೂಟರ್‌ನಲ್ಲಿ ಬಿಟ್ಟು ನಾಟಕ ಮುಗಿದ ಮೇಲೆ ಫೋನ್ ಮಾಡು ಅಂದರು. ಪುಸ್ತಕ ಬಿಡುಗಡೆಯನ್ನು ಅವರು ಮೊದಲಿನಿಂದಲೂ ನಾಟಕ ಅನ್ನುವುದು.

ಗಟ್ಟಿ ರಟ್ಟಿನ ಪುಸ್ತಕ. ಒಳಗೆ ‘ಹಿಂಬದಿ’ಯ ಎಂಟೂ ಸಂಚಿಕೆ, ಹೊಸದಾಗಿ ಅಚ್ಚುಮಾಡಿ. ಮುನ್ನುಡಿ ಸುಧೀಂದ್ರನದ್ದು. ವೇದಿಕೆಯಲ್ಲಿ ತಾನೇ ಓದಿದ. ಕೂದಲು ಬೆಳ್ಳಗಾಗಿದೆ, ದನಿ ಹಾಗೇ ಇದೆ.

“ಜಗದಾಂಬಾ ಆರನೇ ಸಂಚಿಕೆಯ ಮೊದಲ ಪ್ರತಿಯನ್ನು ನನ್ನ ಕೈಗಿತ್ತು ತಲೆ ತಗ್ಗಿಸಿದಳು. ಆ ಕವಿತೆ ನನಗಾಗಿ ಎಂದು ಆಗ ಅರಿಯದಾದೆ. ಇಂದು ಈ ಪುಸ್ತಕ ಅವಳ ಕರೆಗೆ ನನ್ನ ತಡವಾದ ಓಗೊಡುವಿಕೆ.”

ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ ಪಾಪ’ ಅಂದರು. ಜಗದಾಂಬಾ ತಲೆ ತಗ್ಗಿಸುವುದಾ! ಹಾಸ್ಟೆಲ್ ವಾರ್ಡನ್ ಎದುರೇ ತಗ್ಗಿಸಿದವಳಲ್ಲ. ಇವನು ಲೈಬ್ರರಿ ಮೆಟ್ಟಿಲ ಮೇಲೆ ಕಾಯುತ್ತಿದ್ದರೆ ‘ನಿಮ್ಮ ಲೂನಾ ಬಂತು ನೋಡಲೇ’ ಅಂತ ನಗುತ್ತಿದ್ದವಳು. ಹೆಸರು ಹಾಕಿದ್ದಾನೆ. ಊರು ಹಾಕಿದ್ದಾನೆ, ರಾಣೆಬೆನ್ನೂರು. ಫೋಟೊ ಹಾಕಿದ್ದಾನೆ. ಒಂದು ಮಾತು ಕೇಳಿಲ್ಲ.

ಕೊನೆಯ ಪುಟದ ಕೃತಜ್ಞತೆಯಲ್ಲಿ ನಾನು ಸಿಕ್ಕಿದೆ. ಕ್ಸೆರಾಕ್ಸ್ ಅಂಗಡಿಯವನ ಕೆಳಗೆ. ‘ಬೆರಳಚ್ಚು ನೆರವು: ಕುಸುಮಾ.’

ಎಂಟು ಸಂಚಿಕೆ ಸಂಪಾದಿಸಿದವಳು. ನೆರವು!

ಪ್ರಶ್ನೆ ಕೇಳಬಹುದು ಅಂದಾಗ ಎದ್ದು ನಿಂತೆ.

“ಸುಧೀಂದ್ರ ಅವರೇ, ನಿಮ್ಮ ಹತ್ರ ಇರೋ ಪ್ರತಿಗಳಲ್ಲಿ ದೀರ್ಘ ಇದೆಯಾ?”

ಒಂದು ಕ್ಷಣ ಗುರುತು ಸಿಗಲಿಲ್ಲ. ಆಮೇಲೆ ಕೈ ಚಾಚಿದ. “ಓಹೋ, ನಮ್ಮ ಕುಸುಮಾ ಮೇಡಂ! ಫ್ರೆಂಡ್ಸ್, ‘ಹಿಂಬದಿ’ನ ಟೈಪ್ ಮಾಡಿಕೊಟ್ಟವರು ಇವರೇ. ಒಂದು ಚಪ್ಪಾಳೆ.”

ಚಪ್ಪಾಳೆ ಬಿತ್ತು. ಕೂರಲಿಲ್ಲ.

“ಅಂಗಡಿಯಿಂದ ತರೋವಾಗ್ಲೇ ನಿಮ್ಮ ಪ್ರತಿ ಎತ್ತಿಟ್ಕೊಳ್ತಿದ್ರಿ. ನಾವು ದೀರ್ಘ ಎಳೆಯೋಕೆ ಮುಂಚೆ. ಹಾಗಾದ್ರೆ ಈ ಪುಸ್ತಕದಲ್ಲಿರೋ ದೀರ್ಘ ಎಲ್ಲ ನೀವು ಹಾಕಿದ್ದಲ್ವಾ?”

“ಸಂಪಾದಕನ ಕೆಲಸ ಅದೇ ತಾನೇ ಮೇಡಂ?”

“‘ಬೆರೆ’ಗೆ ಯಾಕೆ ಹಾಕ್ಲಿಲ್ಲ?”

ನಕ್ಕ. “ನೋಡಿ, ಪ್ರೂಫ್ ನೋಡೋರ ಕಷ್ಟ ಇದು. ಕವಿತೇಲಿ ದೀರ್ಘ ಮುಖ್ಯ ಅಲ್ಲ ಮೇಡಂ, ಭಾವ ಮುಖ್ಯ.”

ಇಡೀ ಸಭೆ ನಕ್ಕಿತು. ಪುಸ್ತಕ ಕೊಂಡು ಹೊರಗೆ ಬಂದೆ. ಗಿರಿರಾಜ್‌ಗೆ ಫೋನ್ ಮಾಡಲಿಲ್ಲ. ನವರಂಗ್ ಕಡೆಗೆ ನಡೆದೇ ಹೋದೆ. ನಕ್ಕವರ ಸದ್ದು ಕಿವಿಯಲ್ಲೇ ಇತ್ತು.

14 ಜುಲೈ

ಅಂಗಡಿಯಿಂದ ಬರುತ್ತಿದ್ದ ಪ್ರತಿಯಲ್ಲಿ ಆ ಕವಿತೆ ಹೀಗೆ ಇದ್ದಿರಬೇಕು:

ಹಾಲಿನ ಜೊತೆ ಹಾಲು ಇರಲಿ,
ನಿರಿನ ಜೊತೆ ನಿರು;
ಒಂದೆ ಲೊಟ, ಒಂದೆ ಬಾಯಿ —
ನನ್ನೊಳಗೆ ನಿ ಬೆರೆ.

ಅವನು ‘ನೀರು’ ಮಾಡಿದ್ದಾನೆ. ‘ಲೋಟ’ ಮಾಡಿದ್ದಾನೆ. ‘ಒಂದೇ’ ಎರಡು ಸಲ. ‘ನೀ’ಗೂ ಎಳೆದಿದ್ದಾನೆ. ಎಲ್ಲ ಕಡೆ ಓಡಿದ ಕೈ ಅಲ್ಲಿ ಮಾತ್ರ ನಿಂತಿದೆ. ಒಂದು ಗೆರೆ ಉಳಿಸಿ ಒಬ್ಬ ಹೆಂಗಸನ್ನು ಸಂಪಾದಿಸಿಕೊಂಡಿದ್ದಾನೆ.

ಮಾತ್ರೆ ಎಣಿಸಿ ನೋಡಿದೆ. ಪ್ರಯೋಜನವಿಲ್ಲ, ಎರಡೂ ಕೂರುತ್ತವೆ.

ನನ್ನ ಪ್ರತಿಗಳು ಕೆಂಗೇರಿ ಮನೆ ಬಿಟ್ಟಾಗಲೇ ಹೋದವು. ಪಾತ್ರೆ ಸುತ್ತಿದ್ದ ಹಾಳೆಗಳ ಜೊತೆ ರದ್ದಿಗೆ. ಹಳೆಯ ಗೆಳತಿಯರಿಗೆ ಮೆಸೇಜ್ ಹಾಕಿದೆ. ಎಲ್ಲರಿಗೂ ‘ಹಿಂಬದಿ’ ನೆನಪಿದೆ. ಯಾರ ಹತ್ತಿರವೂ ಇಲ್ಲ. ಇಟ್ಟುಕೊಳ್ಳಲು ಮಾಡಿದ್ದಲ್ಲ ಅದು, ಕೈದಾಟಿಸಲು ಮಾಡಿದ್ದು. ಯಾವುದರಿಂದ ಅದು ಚೆಂದವಾಗಿತ್ತೋ ಅದರಿಂದಲೇ ಈಗ ಸೋತೆ.

ಸಾಕ್ಷಿ ಇಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿದೆ.

19 ಜುಲೈ

ಜಗದಾಂಬಾ ಫೋನ್ ಮಾಡಿದಳು. ವರ್ಷಕ್ಕೊಮ್ಮೆ ಯುಗಾದಿಗೆ ಮಾತಾಡುವವರು ನಾವು. ಈಗ ಅವಳು ಹೈಸ್ಕೂಲಿನ ಹೆಡ್‌ಮಿಸ್.

“ಏನಲೇ ಕುಸುಮಿ, ಆ ಲೂನಾ ಪುಸ್ತಕ ಬರದಾನಂತಲ್ಲ.”

ನಗುತ್ತಲೇ ಹೇಳಿದಳು. ಮುನ್ನುಡಿಯ ಆ ಪುಟವನ್ನು ಯಾರೋ ಅವರ ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ‘ನಮ್ಮ ಅತ್ತಿಗಿ ಫೇಮಸ್’ ಅಂತ ಬರೆದು, ಒಂದು ಹೃದಯದ ಚಿತ್ರ. ಮೈದುನರು ನೋಡಿದ್ದಾರೆ, ವಾರಗಿತ್ತಿಯರು ನೋಡಿದ್ದಾರೆ. ಗಂಡ ಕಲ್ಮೇಶ್ ಒಂದೇ ಪ್ರಶ್ನೆ ಕೇಳಿದನಂತೆ: “ಬೆರೆ ಅಂತ ಬರದಿದ್ದೇನು?” ಇವಳು ಉತ್ತರ ಹೇಳುವುದರೊಳಗೆ ಎದ್ದು ಹೋದ. ಅವತ್ತಿನಿಂದ ಮಾತಿಲ್ಲ. ತಾನೇ ಬಡಿಸಿಕೊಂಡು ಪಡಸಾಲೆಯಲ್ಲಿ ಕೂತು ಉಣ್ಣುತ್ತಾನೆ.

“ಬೈದಿದ್ರ ಚೊಲೊ ಇತ್ತು. ನಾನೂ ನಾಕು ಮಾತು ಅಂತಿದ್ದೆ. ಇದು ಗ್ವಾಡಿ ಜೋಡಿ ಸಂಸಾರ ಆಗೇತಿ.”

“ಸ್ಕೂಲಲ್ಲಿ?”

“ಸ್ಟಾಫ್ ರೂಮಿನಾಗ ನಾ ಹೋದ್ರ ಮಾತು ನಿಲ್ತಾವ.”

ಆಮೇಲೆ ನಗಲಿಲ್ಲ. ಫೋನಿನ ಆ ಕಡೆ ಕುಕ್ಕರ್ ಕೂಗಿತು. “ಇಡ್ತೀನಿ” ಅಂದಳು.

ಇನ್ನು ಇದು ಕೃತಜ್ಞತೆ ಪುಟದ ಜಗಳ ಅಲ್ಲ. ಅವನು ನಗಿಸಿದನಲ್ಲ, ಅಷ್ಟೇ ಜನರ ಎದುರು ಅವನ ಮುಖ ಸಣ್ಣದಾಗಬೇಕು. ಕ್ಷಮೆ ಬೇಡ. ಕ್ಷಮೆ ಕೇಳಿದರೆ ಅದನ್ನೂ ಒಂದು ಮುನ್ನುಡಿ ಮಾಡುತ್ತಾನೆ.

27 ಜುಲೈ, ಭಾನುವಾರ

ವಿಜಯನಗರದ ಕೆಫೆಯೊಂದರ ಮಹಡಿಯಲ್ಲಿ ಅವನ ‘ಝೀನ್ ವರ್ಕ್‌ಶಾಪ್’. ಮಾಸ್ಕ್ ಹಾಕಿ, ನೆಗಡಿ ಅಂತ ಹೇಳಿ, ಹಿಂದೆ ಕೂತೆ. ಹೆಸರು ಕೇಳಿದ್ದಕ್ಕೆ ‘ಮಾಲವಿಕಾ’ ಅಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ನಗಬೇಕು ಅಂತ ಹೋದವಳು ಮಕ್ಕಳನ್ನು ನೋಡಿ ಸೋತೆ. ಎಲ್ಲ ಇಪ್ಪತ್ತು, ಇಪ್ಪತ್ತೆರಡು. ಕೈಯಲ್ಲಿ ಫೋನಿದೆ, ಇಡೀ ಲೋಕಕ್ಕೆ ಕ್ಷಣದಲ್ಲಿ ಹೇಳಬಹುದು. ಆದರೂ ನೆಲದ ಮೇಲೆ ಕೂತು ಕತ್ತರಿ, ಗೋಂದು, ಹಳೇ ಪೇಪರ್. ಒಂದು ಎ4 ಹಾಳೆಯನ್ನು ಮಡಿಸಿ, ನಡುವೆ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಸ್ತಕ! ನಮಗೆ ಇದು ಗೊತ್ತಿರಲಿಲ್ಲ. ಪಿನ್ ಹೊಡೆದು ಹೊಡೆದು ಸಾಯುತ್ತಿದ್ದೆವು.

ಪಕ್ಕದ ಹುಡುಗಿ, ಹೆಸರು ವಚನಾ, ಹೇರೋಹಳ್ಳಿಯಿಂದ ಬರುವವಳು. ತಮ್ಮ ಬೀದಿಯ ಗುಂಡಿಗಳ ಬಗ್ಗೆ ಝೀನ್ ಮಾಡಿದ್ದಳು. ಒಂದೊಂದು ಗುಂಡಿಗೂ ಹೆಸರು, ಹುಟ್ಟಿದ ವರ್ಷ, ಯಾರು ಯಾರು ಬಿದ್ದರು ಅನ್ನುವ ವಿವರ.

“ಇನ್‌ಸ್ಟಾಗ್ರಾಂಗೆ ಹಾಕಬಹುದಲ್ಲಮ್ಮ?”

“ಅಲ್ಲಿ ಎಲ್ರೂ ಸ್ಕ್ರೋಲ್ ಮಾಡ್ಬಿಡ್ತಾರೆ ಆಂಟಿ. ಇದು ಕೈಗೆ ಕೊಟ್ರೆ ತಕ್ಷಣ ಬಿಸಾಕೋಕೆ ಆಗಲ್ಲ. ಒಂಥರಾ ಮುಜುಗರ ಆಗುತ್ತೆ ಅವ್ರಿಗೆ.”

ಮೆಸ್ಸಿನ ಮೇಜಿನಲ್ಲಿ ನಾವು ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದೆವೇನೋ.

ಸುಧೀಂದ್ರ ಮಧ್ಯೆ ನಿಂತು ಕೈ ಬೀಸಿ ಹೇಳುತ್ತಿದ್ದ: “ಝೀನ್‌ಗೆ ಪರ್ಮಿಶನ್ ಬೇಡ. ಯಾರನ್ನೂ ಕೇಳ್ಬೇಡಿ. ಅಚ್ಚಾಗಿರೋ ಪುಸ್ತಕ ಇಷ್ಟ ಆಗ್ಲಿಲ್ವಾ? ಅದರ ಮೇಲೇ ಬರೀರಿ. ತಿದ್ದಿ. ಹಂಚಿ.”

ಬರೆದುಕೊಂಡೆ. ಮಾತು ಅವನದೇ.

2 ಆಗಸ್ಟ್

ನಮ್ಮ ವೃತ್ತಿಯಲ್ಲಿ ಇದಕ್ಕೆ ಒಂದು ಪುಟ ಇದೆ. ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕರೆ ಕೊನೆಯಲ್ಲಿ ಅಂಟಿಸುವ ಚೀಟಿ. ತಪ್ಪು–ಒಪ್ಪು. ‘ಇಂಥ ಪುಟದಲ್ಲಿ ಹೀಗೆ ಇರುವಲ್ಲಿ ಹೀಗೆಂದು ಓದಿಕೊಳ್ಳಿ.’ ಇಷ್ಟು ವರ್ಷ ಬೇರೆಯವರ ತಪ್ಪಿಗೆ ಬರೆದಿದ್ದೇನೆ. ಈ ಸಲ ನನ್ನ ಸಂತೋಷಕ್ಕೆ.

ಹಿಂಬದಿ — ಒಂಬತ್ತನೇ ಸಂಚಿಕೆ. ಒಂದೇ ಹಾಳೆ, ಎಂಟು ಪುಟ. ಇಡೀ ಸಂಚಿಕೆ ‘ನೀ ಬೆರೆ’ ಪುಸ್ತಕದ ತಪ್ಪು–ಒಪ್ಪು.

‘ಬೆರಳಚ್ಚು ನೆರವು’ ಎಂದಿರುವಲ್ಲಿ ‘ಸಂಪಾದಕಿ’ ಎಂದು ಓದಿಕೊಳ್ಳಿ.
‘ತಲೆ ತಗ್ಗಿಸಿದಳು’ ಎಂದಿರುವಲ್ಲಿ ‘ನಕ್ಕಳು’ ಎಂದು ಓದಿಕೊಳ್ಳಿ.
‘ನನಗಾಗಿ’ ಎಂದಿರುವಲ್ಲಿ ‘ನನ್ನನ್ನು ದೂರವಿಡಲು’ ಎಂದು ಓದಿಕೊಳ್ಳಿ.
‘ಅವಳ ಕರೆ’ ಎಂದಿರುವಲ್ಲಿ ‘ಲೂನಾದ ಹಾರ್ನ್’ ಎಂದು ಓದಿಕೊಳ್ಳಿ.

ಬರೆಯುತ್ತಾ ಬರೆಯುತ್ತಾ ಬಾಯಲ್ಲಿ ನೀರೂರುತ್ತಿತ್ತು.

ಕೊನೆಯ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಉಳಿದದ್ದೆಲ್ಲ ನಾನು ಕಣ್ಣಾರೆ ಕಂಡದ್ದು. ಆ ಸಾಲು? ಅವನು ಊಹೆಯಿಂದ ಗೆರೆ ಬಿಟ್ಟ, ನಾನು ಊಹೆಯಿಂದ ಹಾಕಿದರೆ ಅವನಿಗೂ ನನಗೂ ಏನು ವ್ಯತ್ಯಾಸ... ರಾಣೆಬೆನ್ನೂರಿಗೆ ಫೋನ್ ಮಾಡಿದೆ.

“ಜಗದಾಂಬಾ, ನಿಜ ಹೇಳು. ಬೇರೆ ಅಂತ ಬರೆದಿದ್ದಾ, ಬೆರೆ ಅಂತ ಬರೆದಿದ್ದಾ?”

ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

“ನನಗೂ ನೆನಪಿಲ್ಲಲೇ.”

“ಏನು ಹಾಗಂದ್ರೆ?”

“ಹಂಗಂದ್ರ ಹಂಗ. ಇಪ್ಪತ್ತಮೂರು ವಯಸ್ಸು. ಬೆಳಿಗ್ಗೆ ಒಂದು ಬರಿತಿದ್ದೆ, ಸಂಜಿಕೆ ಒಂದು ಓದ್ತಿದ್ದೆ. ಯಾವಂಗ ಗೊತ್ತು?”

“ಅವನ ಮೇಲೆ ಮನಸ್ಸಿತ್ತಾ?”

“ಥೂ! ಅವನ ಮ್ಯಾಲ?” ಆಮೇಲೆ ದನಿ ತಗ್ಗಿಸಿ, “ಅವನ ಮ್ಯಾಲ ಇರಲಿಲ್ಲ.”

ಯಾರ ಮೇಲಿತ್ತು ಅಂತ ಕೇಳಲಿಲ್ಲ. ಕೇಳುವ ವಯಸ್ಸು ನನಗೂ ದಾಟಿದೆ.

“ಈಗ ಏನು ಮಾಡ್ಲಿ?”

“ಮಾಡೂದೇನು? ಬರದಾಕಿ ನಾನs ಇಲ್ಲೇನು? ಈಗ ಬೇರೆ ಅಂತನ ಹಾಕು. ಆಗ ಏನರ ಇರಲಿ, ಈಗ ನಾ ಹೇಳಾಕತ್ತೀನಿ, ಬೇರೆ.”

ಫೋನ್ ಇಟ್ಟು ಮತ್ತೆ ಪೆನ್ನು ಎತ್ತಿಕೊಂಡೆ.

8 ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ

ಸಂಚಿಕೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಆಮೇಲೆ ಒಂದೊಂದೇ ದೀರ್ಘ ತೆಗೆದುಹಾಕಿದೆ. ಜೀವಮಾನವಿಡೀ ತಪ್ಪು ತೆಗೆದವಳು, ಇವತ್ತು ತುಂಬಿದೆ. ಕೊನೆಯ ಪುಟ ಹೀಗೆ ಬಂತು:

‘ನಿ ಬೆರೆ’ ಎಂದಿರುವಲ್ಲಿ ‘ನಿ ಬೆರೆ’ ಎಂದು ಓದಿಕೊಳ್ಳಿ.

ಕ್ಸೆರಾಕ್ಸ್ ಅಂಗಡಿಯ ಕಿಟ್ಟಿ — ನಮ್ಮ ರಸ್ತೆಯ ತುದಿಯಲ್ಲಿದ್ದಾರೆ, ಅರವತ್ತು ದಾಟಿದೆ — ಯಂತ್ರದ ಮುಚ್ಚಳ ಎತ್ತಿ ಹಾಳೆ ನೋಡಿದರು.

“ಮೇಡಂ, ಎರಡೂ ಕಡೆ ಒಂದೇ ಇದೆಯಲ್ಲ. ಇದನ್ನ ತಿದ್ದುಪಡಿ ಅಂತಾರಾ?”

“ಇನ್ನೂ ಆಗಿಲ್ಲ ಕಿಟ್ಟಿ. ಮನೇಲಿ ಆಗುತ್ತೆ.”

“ಹಬ್ಬದ ದಿನ ಎಲ್ರೂ ಲಕ್ಷ್ಮೀನ ಕೂರಿಸ್ತಾರೆ, ನೀವು ಪೇಪರ್ ಕೂರಿಸ್ತಾ ಇದೀರ.”

ಮನೆಗೆ ತಂದು ಹರಡಿದೆ. ಯಂತ್ರದಿಂದ ಬಂದ ಹಾಳೆಯಲ್ಲಿ ತಪ್ಪೂ ಒಪ್ಪೂ ಒಂದೇ. ಕೈ ಬಿದ್ದ ಮೇಲೆಯೇ ಅದು ತಿದ್ದುಪಡಿ. ನೀಲಿ ಪೆನ್ನು ಹಿಡಿದು ಗಿರಿರಾಜ್ ಕೂಡ ಕೂತರು, ಗೊಣಗುತ್ತಲೇ.

“ಒಂದು ದೀರ್ಘಕ್ಕೆ ಇಷ್ಟೊಂದಾ ಕಣೇ?”

“ಎಳೀರಿ ಸುಮ್ನೆ.”

ಸ್ವಲ್ಪ ಹೊತ್ತಿಗೆ ನೋಡಿದರೆ ‘ಬೆರಳಚ್ಚು’ಗೂ ಎಳೆದು ‘ಬೇರಳಚ್ಚು’ ಮಾಡಿದ್ದರು. ಸಾಲಾಗಿ. ಬೈಯುವುದಕ್ಕೆ ಮುಂಚೆ ನಗು ಬಂತು. ಹಾಗೇ ಬಿಟ್ಟೆ, ಆ ಪ್ರತಿಗಳು ಅವರವು.

ಎದುರು ಮನೆಯ ವತ್ಸಲಾ ಅರಿಶಿನ–ಕುಂಕುಮಕ್ಕೆ ಕರೆಯಲು ಬಂದರು. ಬ್ಯಾಂಕಿನಿಂದ ರಿಟೈರ್ ಆದವರು, ಒಬ್ಬರೇ ಇರುವುದು. ಯಾರು ಬಂದರೂ ಕಾಫಿ ಕೊಡದೆ ಬಿಡುವವರಲ್ಲ, ಗ್ಯಾಸ್ ಸಿಲಿಂಡರ್ ತರುವವನಿಗೂ. ನೆಲದ ತುಂಬ ಹಾಳೆ ನೋಡಿ ಹೊಸಿಲಿನಲ್ಲೇ ನಿಂತರು.

“ಏನ್ರೀ ಕುಸುಮಾ ಇದು, ಎಲೆಕ್ಷನ್ನಾ?”

“ಅದೇ ಥರ ರೀ.”

“ಯಾರು ನಿಂತಿರೋದು?”

“ನಿಂತವರಿಲ್ಲ. ಒಬ್ಬರನ್ನ ಬೀಳಿಸಬೇಕು.”

ಜೋರಾಗಿ ನಕ್ಕರು. ತಮಾಷೆ ಅಂದುಕೊಂಡರು.

10 ಆಗಸ್ಟ್, ಭಾನುವಾರ

ಅವನ ಪುಸ್ತಕ ಇಟ್ಟಿರುವ ಅಂಗಡಿಗಳಿಗೆ ಹೋಗಿ, ಕೊಳ್ಳುವವಳ ಹಾಗೆ ತಿರುವಿ, ಒಂದೊಂದರ ಒಳಗೂ ಒಂಬತ್ತನೇ ಸಂಚಿಕೆ ಇಟ್ಟು ಬಂದೆ. ಪ್ರತಿ ಸಲವೂ ಕಣ್ಣು ತಾನಾಗಿ ಅಂಗಡಿಯವನ ಕಡೆ ಹೋಗುತ್ತಿತ್ತು. ಕದಿಯುವವರಿಗೆ ಹೀಗೇ ಆಗಬಹುದು. ನಾನು ಇಡುವವಳು, ಆದರೂ.

ರಾಜಾಜಿನಗರದ ಅಂಗಡಿಯಲ್ಲಿ ಗಾಜಿನ ಹಿಂದೆ ಒಂದು ಪ್ರತಿ ನಿಲ್ಲಿಸಿದ್ದರು. ಮುಖಪುಟದಲ್ಲಿ ದೊಡ್ಡದಾಗಿ ‘ನೀ ಬೆರೆ’. ಬೆ–ಗೂ ರೆ–ಗೂ ನಡುವೆ ಕಲಾವಿದ ಎಷ್ಟು ಚೆಂದ ಜಾಗ ಬಿಟ್ಟಿದ್ದಾನೆ! ತಡೆದುಕೊಳ್ಳಲಾಗಲಿಲ್ಲ. ಅಂಗಡಿಯವನು ಬಿಲ್ ಹಾಕುತ್ತಿದ್ದ. ನೀಲಿ ಮಾರ್ಕರ್. ಒಂದೇ ಎಳೆತ. ಬಾಗಿದ ಗೆರೆ, ಜಗದಾಂಬಾಳ ಥರದ್ದು.

ಹೊರಗೆ ಬಂದು ಎಳನೀರು ಕುಡಿದೆ. ಎಷ್ಟೋ ವರ್ಷದಿಂದ ಅಂಥ ಎಳನೀರು ಕುಡಿದಿರಲಿಲ್ಲ.

ವಚನಾಗೂ ಒಂದು ಕೊಟ್ಟೆ, ನಿಜವಾದ ಹೆಸರು ಹೇಳಿ. ನಿಂತಲ್ಲೇ ಎಂಟೂ ಪುಟ ಓದಿದಳು.

“ಆಂಟಿ, ಕಾಪಿ ಮಾಡ್ಲಾ?”

“ಝೀನ್‌ಗೆ ಪರ್ಮಿಶನ್ ಬೇಡವಂತೆ ಕಣಮ್ಮ. ನಿಮ್ಮ ಸಾರ್ ಹೇಳಿದ್ದು.”

“ದೀರ್ಘ?”

“ಅದು ಮಾತ್ರ ಕೈಯಲ್ಲೇ ಎಳೀಬೇಕು.”

24 ಆಗಸ್ಟ್

ಬರೆಯದೆ ಎರಡು ವಾರ. ಬರೆಯುವುದಕ್ಕಿಂತ ನೋಡುವುದೇ ಸುಖವಾಗಿತ್ತು.

ಹುಡುಗರು ಹಬ್ಬಿಸಿದರು. ಒಂಬತ್ತನೇ ಸಂಚಿಕೆ ಮೈಸೂರಿಗೆ ಹೋಗಿದೆ, ಧಾರವಾಡಕ್ಕೆ ಹೋಗಿದೆ. ಕಾಪಿಯ ಕಾಪಿ, ಅಕ್ಷರ ಮಸುಕು, ಆದರೆ ಪ್ರತಿಯೊಂದರಲ್ಲೂ ಆ ನೀಲಿ ಗೆರೆ ಹೊಚ್ಚಹೊಸದು, ಯಾರ್‍ಯಾರದೋ ಕೈಯದ್ದು. ಪುಸ್ತಕ ಕೊಂಡವರು ತಮ್ಮ ತಮ್ಮ ಪ್ರತಿಯ ಮುಖಪುಟಕ್ಕೆ ದೀರ್ಘ ಎಳೆದು ಫೋಟೊ ಹಾಕುತ್ತಿದ್ದಾರೆ. ಒಬ್ಬ ಕುಂಕುಮದಲ್ಲಿ ಎಳೆದಿದ್ದ. ಒಬ್ಬಳು ಕಾಡಿಗೆಯಲ್ಲಿ. ಕೆಫೆಯವರು ವರ್ಕ್‌ಶಾಪ್ ನಿಲ್ಲಿಸಿದ್ದಾರೆ. ಹುಡುಗರು ಅವನನ್ನು ಎದುರಿಗೇ ‘ಬೆರೆ ಸಾರ್’ ಅನ್ನುತ್ತಾರಂತೆ. ಪ್ರಕಾಶಕರು ಎರಡನೇ ಮುದ್ರಣ ಸದ್ಯಕ್ಕಿಲ್ಲ ಅಂದಿದ್ದಾರೆ.

ಎಂ.ಎ. ಗ್ರೂಪಿನಲ್ಲಿ ಯಾರೋ ‘ಪಾಪ, ವಯಸ್ಸಾಯ್ತು, ಬಿಟ್ಟುಬಿಡೋಣ’ ಅಂತ ಬರೆದರು. ಪಾಪ! ಜಗದಾಂಬಾಳ ಫೋಟೊ ಹಾಕಿದಾಗ ಈ ಪಾಪ ಯಾರ ಮನೆಗೆ ಹೋಗಿತ್ತು? ನಾನು ಉತ್ತರ ಬರೆಯಲಿಲ್ಲ. ಒಂದು ದೀರ್ಘ ಕಳಿಸಿದೆ, ಬರೀ ದೀರ್ಘ. ಒಂಟಿಯಾಗಿ ನೋಡಿದರೆ ಹೆಡೆ ಎತ್ತಿದ ಹಾವಿನ ಹಾಗೇ ಕಾಣುತ್ತದೆ.

ಸುಧೀಂದ್ರನ ಫೋನ್ ಬರುತ್ತಲೇ ಇದೆ. ಎತ್ತುವುದಿಲ್ಲ. ರಿಂಗ್ ಪೂರ್ತಿ ಕೇಳುತ್ತೇನೆ.

ಸಂಜೆ ಜಗದಾಂಬಾ ಫೋನ್ ಮಾಡಿದಳು. ಅದೇ ವಾಟ್ಸಾಪ್ ಗ್ರೂಪಿಗೆ ಈಗ ಒಂಬತ್ತನೇ ಸಂಚಿಕೆ ಬಂದಿದೆ. ಹೃದಯದ ಚಿತ್ರ ಹಾಕಿದ್ದವಳೇ ಹಾಕಿದ್ದು. ಕಲ್ಮೇಶ್ ಓದಿದ.

“ಮಾತಾಡಿದನಾ?”

“ಹ್ಞೂಂ. ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂದ.”

“ಅಷ್ಟೇನಾ?”

“ಅಷ್ಟs ಸಾಕಲೇ. ಒಳಗ ಬಂದು ಕುಂತು ಅಂದ.” ದನಿ ಒದ್ದೆಯಾಗಿತ್ತು. ಆಮೇಲೆ ಮೆಲ್ಲಗೆ, “ಕುಸುಮಿ, ನನಗ ನೆನಪಿಲ್ಲ ಅಂದಿದ್ನಲ್ಲ, ಅದನ್ನ ಯಾರ ಮುಂದೂ...”

“ಯಾರ ಮುಂದೂ ಇಲ್ಲ.”

“ಅವನ ಕಿವಿಗೆ ಬಿದ್ರ ಮತ್ತ ಪಡಸಾಲಿಗೇ ಹೋಗಿ ಕುಂದರ್ತಾನ.”

ಮಾತು ಕೊಟ್ಟೆ. ಇಲ್ಲಿ ಬರೆದಿರುವುದನ್ನು ಯಾರೂ ಓದುವುದಿಲ್ಲ.

30 ಆಗಸ್ಟ್, ಶನಿವಾರ, ಮಧ್ಯಾಹ್ನ

ಗಿರಿರಾಜ್ ಡ್ಯೂಟಿಗೆ ಹೋಗಿದ್ದಾರೆ. ಗೈಡ್‌ನ ಪ್ರೂಫ್ ಮುಗಿಸುತ್ತಿದ್ದೆ. ಬೆಲ್ ಆಯಿತು. ವತ್ಸಲಾ. ದನಿ ತಗ್ಗಿಸಿ ಮಾತಾಡಿದರು.

“ಕುಸುಮಾ, ಯಾರೋ ಸುಧೀಂದ್ರ ಅಂತೆ. ನಿಮ್ಮನೆ ಬೆಲ್ ಒತ್ತೋದಾ ಬೇಡ್ವಾ ಅಂತ ಮೆಟ್ಟಿಲ ಮೇಲೇ ನಿಂತಿದ್ರು. ಬೆವರಿಳೀತಿತ್ತು. ಪಾಪ ಅನ್ನಿಸ್ತು, ಒಳಗೆ ಕೂರಿಸಿ ಕಾಫಿ ಕೊಟ್ಟಿದೀನಿ. ಕಳಿಸ್ಲಾ?”

ಐದು ನಿಮಿಷ ಇರಿ ಅಂದೆ. ಬಾಗಿಲು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಏನು ಹೇಳಬೇಕು ಅಂತ ಎಷ್ಟು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ‘ಭಾವ ಮುಖ್ಯ ಅಲ್ವಾ ಸುಧೀಂದ್ರ ಅವರೇ?’ ಅನ್ನಬೇಕು, ಬಾಗಿಲಲ್ಲೇ ನಿಲ್ಲಿಸಿ. ಕೂರಿ ಅನ್ನಬಾರದು. ಅವನ ಮುಖ ನೋಡಬೇಕು ಅಂತ ಒಂದೂವರೆ ತಿಂಗಳಿನಿಂದ ಕಾದಿದ್ದೇನೆ, ಎದುರು ಮನೆಯಲ್ಲೇ ಇದೆ. ಕಾಫಿ ಕುಡಿಯುತ್ತಿದೆ. ಆದರೂ ಕುರ್ಚಿ ಬಿಟ್ಟು ಏಳದೆ ಬರೆಯುತ್ತಲೇ ಇದ್ದೇನೆ. ಕನಿಕರ ಅಲ್ಲ, ಖಂಡಿತ ಅಲ್ಲ. ಬಂದು ಬೈದರೆ ನನಗೆ ಸುಲಭ. ಅತ್ತರೂ ಸುಲಭ, ಅದಕ್ಕೂ ತಯಾರಿದ್ದೇನೆ. ಆದರೆ ಅವನು ಏನಾದರೂ ಕೇಳಿದರೆ —

ಮತ್ತೆ ಬೆಲ್. ವತ್ಸಲಾ. ಈ ಸಲ ಒಳಗೆ ಬರಲಿಲ್ಲ, ಹೊಸಿಲಿನ ಆಚೆಯೇ ನಿಂತು ಹೇಳಿದರು:

“ರೀ, ಅವರು ಬರಲ್ವಂತೆ. ಒಂದೇ ಒಂದು ವಿಷಯ ಕೇಳ್ಕೊಂಡು ಬನ್ನಿ, ಏನ್ ಹೇಳಿದ್ರೂ ನಂಬಿ ಹೊರಟುಹೋಗ್ತೀನಿ ಅಂತಾರೆ. ಅದೇನೋ ದೀರ್ಘ ಅಂತೆ — ಅದನ್ನ ಎಳೆದದ್ದು ಆಗ ಜಗದಾಂಬಾ ಅನ್ನೋರೇನಾ, ಇಲ್ಲಾ ಈಗ ನೀವಾ? ಏನ್ ಹೇಳ್ಲಿ?”